ಮಾತು ಮನೆಯಲ್ಲೇ ಮೊಳೆಯಬೇಕು

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮುಸ್ಲಿಮ್ ಕುಟುಂಬಗಳು ಎಸೆಸೆಲ್ಸಿ ಫಲಿತಾಂಶದ ಬಗ್ಗೆ ಆತಂಕಪಡುವುದು ಸಹಜ. ಆದರೆ ಹದಿನಾರನೇ ವಯಸ್ಸಿನಲ್ಲಿ ಒಂದು ಪುಟ ಬರೆಯಲು ತಡವರಿಸುವ ಮಗುವಿನ ಕಷ್ಟ ಎಷ್ಟೋ ಬಾರಿ ಅದರ ಎರಡನೇ ವಯಸ್ಸಿನಲ್ಲೇ ಆರಂಭವಾಗಿರುತ್ತದೆ.

ಗರ್ಭದ ಕೊನೆಯ ತಿಂಗಳುಗಳಲ್ಲೇ ಶಿಶು ತಾಯಿಯ ಧ್ವನಿಯನ್ನು ಕೇಳುತ್ತದೆ. ಆರು ತಿಂಗಳ ಕೂಸು ತಾನು ಎಂದೂ ಕೇಳದ ಭಾಷೆಯ ಧ್ವನಿಭೇದಗಳನ್ನೂ ಗುರುತಿಸಬಲ್ಲದು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯವು ಸುತ್ತಮುತ್ತ ಕೇಳಿಸುವ ಭಾಷೆಗಳತ್ತ ಕುಗ್ಗತೊಡಗುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಬಳಸಿದ್ದು ಹಿಂದಿಯ 'ತ' ಮತ್ತು 'ಟ'ಗಳನ್ನು. 2003ರಲ್ಲಿ ಪ್ಯಾಟ್ರಿಷಿಯಾ ಕುಲ್ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿಕೊಟ್ಟರು: ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಧ್ವನಿಗಳನ್ನು ಕಲಿತರು, ಅದನ್ನೇ ಪರದೆಯ ಮೇಲೆ ನೋಡಿದವರು ಕಲಿಯಲಿಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ನಿರಾಳವಾಗುವ ಮನೆಗಳು ಇದನ್ನು ಅರಿಯಬೇಕು.

ಪ್ರವಾದಿ(ಸ)ರು ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಹಕ್ಕಿಯ ಬಗ್ಗೆ ಅವನೊಡನೆಯೇ ವಿಚಾರಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಆ ಬಾಲಕ ಹಾಲು ಬಿಟ್ಟ ಪ್ರಾಯದವನು. ಹಾಗಿರುವಾಗ ಮಕ್ಕಳೊಂದಿಗೆ ಮಾತಾಡುವುದು ಹೆಂಗಸರ ಕೆಲಸವೆಂದು ನಮ್ಮ ತಂದೆಯಂದಿರು ಭಾವಿಸಿರುವುದೇಕೆ?

ಮನೆಯ ದಖನಿಯ ಬಗ್ಗೆ ನಾಚಿಕೆಪಟ್ಟು, ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿಗೆ ಅಪ್ಪಣೆ ಕೊಡುವ ಪರಿಪಾಠವೂ ಹೆಚ್ಚುತ್ತಿದೆ. ಇದರಿಂದ ಮಗುವಿಗೆ ಸಿಗುವುದು ನಾಲ್ಕಾರು ಪದಗಳು ಮಾತ್ರ. ನಾನಿಯ ಕಥೆ, ಅಡುಗೆಮನೆಯ ಪ್ರಶ್ನೋತ್ತರ, ಲೋರಿ, ಇವೆಲ್ಲ ದಖನಿಯಲ್ಲೇ ಸಮೃದ್ಧವಾಗಿ ಸಿಗಲಿ. ಬೀದಿಯ ಕನ್ನಡವೂ ಪಾವಗಡದ ತೆಲುಗೂ ಅದರ ಜೊತೆಗೇ ಬರಲಿ. ಹಲವು ಭಾಷೆ ಕೇಳಿದರೆ ಮಗು ಗೊಂದಲಕ್ಕೀಡಾಗುವುದೆಂಬುದು ಆಧಾರವಿಲ್ಲದ ಭಯ.

ಮೂರು ವರ್ಷ ತುಂಬಿದ ಮಗುವಿಗೆ ಕನ್ನಡ ದಕ್ಕಬೇಕಾದ ಮೊದಲ ಸ್ಥಳ ಅಂಗನವಾಡಿ. 2024ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಅಂಗನವಾಡಿ ನೇಮಕಾತಿಯಲ್ಲಿ ಉರ್ದು ಜ್ಞಾನದ ಪ್ರಸ್ತಾಪ ಬಂದಾಗ ರಾಜಕೀಯ ಪಕ್ಷಗಳು ಅದನ್ನು ಕನ್ನಡ-ಉರ್ದು ಕಾಳಗವಾಗಿಸಿದವು. 'ನೀರು ಬೇಕು' ಎಂದು ದಖನಿಯಲ್ಲಿ ಕೇಳುವ ಮಗುವಿಗೆ ಉತ್ತರಿಸಿ, ಅಲ್ಲಿಂದಲೇ ಅದನ್ನು ಕನ್ನಡಕ್ಕೆ ಕರೆದೊಯ್ಯುವ ಕಾರ್ಯಕರ್ತೆ ಕನ್ನಡಕ್ಕೆ ಶತ್ರುವೇ? ಸರಕಾರ ಉತ್ತರಿಸಬೇಕಾದ ಪ್ರಶ್ನೆಯಿದು. ಇತ್ತ ಅಂಗನವಾಡಿಯನ್ನು ಮೊಟ್ಟೆ, ಪಡಿತರದ ಕೇಂದ್ರವೆಂದಷ್ಟೇ ಕಾಣುವ ನಮ್ಮವರೂ ತಮ್ಮ ಧೋರಣೆಯನ್ನು ಬದಲಿಸಬೇಕು. ನಿಕಾಹ್ ನೋಂದಣಿಗೆ ಬರುವ ವಧೂವರರ ಕಡೆಯವರಿಗೆ ಈ ವಿಷಯದಲ್ಲಿ ಅರ್ಧ ಗಂಟೆಯ ತಿಳುವಳಿಕೆ ನೀಡಲು ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಈ ವರ್ಷವೇ ಏರ್ಪಾಡು ಮಾಡಬಹುದು.