ಗಿಡ್ಡ ಎಳೆಯ ನಷ್ಟ ಯಾರ ಲೆಕ್ಕಕ್ಕೆ?

ಹತ್ತಿಯ ವಿಚಾರದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಸೀಮೆಯ ಒಕ್ಕಲುತನಕ್ಕೆ ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋದಲ್ಲೊಂದು ಪಾಠವಿದೆ. ಚಿನ್ನದ ಗಣಿಗಳು ಮುಂದಾಗುವವರೆಗೆ ಆ ಬಡ ದೇಶದ ಮುಖ್ಯ ರಫ್ತು ಹತ್ತಿಯೇ ಆಗಿತ್ತು. 2008ರಲ್ಲಿ ಅಲ್ಲಿ ಮಾನ್ಸಾಂಟೊದ ಬಿಟಿ ಹತ್ತಿಯ ವಾಣಿಜ್ಯ ಬೇಸಾಯ ಆರಂಭವಾಯಿತು. ಕಾಯಿಕೊರಕದ ಕಾಟ ತಗ್ಗಿತು, ಸಿಂಪಡಣೆಯೂ ಇಳಿಯಿತು, ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅರಳೆಯ ಎಳೆ ಗಿಡ್ಡವಾಯಿತು, ಗುಣಮಟ್ಟಕ್ಕೆ ಹೆಸರಾಗಿದ್ದ ಹತ್ತಿ ಪೇಟೆಯಲ್ಲಿ ಬೆಲೆ ಕಳೆದುಕೊಂಡಿತು. 2016ರಲ್ಲಿ ದೇಶ ಹಳೆಯ ತಳಿಗಳಿಗೆ ಮರಳಿತು.

ಅದು ಸಾಧ್ಯವಾದುದು ಹೇಗೆ? ಅಲ್ಲಿ ಬೀಜ, ಗೊಬ್ಬರಗಳನ್ನು ಸಾಲವಾಗಿ ಕೊಡುವುದು, ಹತ್ತಿ ಕೊಳ್ಳುವುದು, ಜಿನ್ನಿಂಗ್ ಮಾಡಿ ಮಾರುವುದು ಎಲ್ಲವೂ ಸೋಫಿಟೆಕ್ಸ್‌ನಂಥ ಒಂದೇ ಸಂಸ್ಥೆಯ ಕೆಲಸ. ಗಿಡ್ಡ ಎಳೆಯ ನಷ್ಟ ನೇರವಾಗಿ ಅದರ ಲೆಕ್ಕಕ್ಕೇ ಬಿದ್ದಿತು. ಬೀಜ ಕಂಪನಿಯಿಂದ ಪರಿಹಾರ ಕೇಳುವ ಶಕ್ತಿಯೂ ಅದಕ್ಕಿತ್ತು.

ಹಾವೇರಿ ಜಿಲ್ಲೆಯಲ್ಲಿ ಬೀಜ ಮಾರುವವರು ಒಬ್ಬರು, ದಲಾಲರು ಇನ್ನೊಬ್ಬರು, ಜಿನ್ನಿಂಗ್ ಗಿರಣಿ ಮತ್ತೊಬ್ಬರದು. 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯನ್ನು ಕಾಲಕ್ರಮದಲ್ಲಿ ಗುಲಾಬಿ ಕಾಯಿಕೊರಕ ಅರಗಿಸಿಕೊಂಡಿತು. ಸಂಕರ ಬೀಜವನ್ನು ವರ್ಷವರ್ಷವೂ ಕೊಳ್ಳಲೇಬೇಕು. ಬೆಳೆ ಕೆಟ್ಟರೆ ಹೊರೆ ಒಕ್ಕಲಿಗನ ಹೆಗಲಿಗೆ. ಬೇಸತ್ತು ಗೋವಿನಜೋಳಕ್ಕೆ ಹೊರಳಿದರೆ ಅಲ್ಲಿಯೂ ಕಂಪನಿಯ ಚೀಲವೇ! ಮನೆಯಲ್ಲೇ ಬೀಜ ಕಾದಿಡಬಹುದಾದ ಜಯಧರ ಹತ್ತಿ ಮೂಲೆಗುಂಪಾಗಿದೆ. ಬೀಜ ಮಾರಾಟದ ಪರವಾನಗಿಯಲ್ಲಿಯೇ ನಷ್ಟ ಭರ್ತಿಯ ಷರತ್ತನ್ನು ಸರಕಾರ ಸೇರಿಸಲಿ. ಜಯಧರದ ಬೀಜ ರೈತ ಸಂಪರ್ಕ ಕೇಂದ್ರಗಳಲ್ಲಿ ಮುಂಗಾರಿಗೆ ಮೊದಲೇ ದೊರೆಯಲಿ.