ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್

ಪುಣೆ ಬಳಿಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಗಾಳಾಗಳಲ್ಲಿ, ಅಂದರೆ ಶೆಡ್ಡುಗಳಲ್ಲಿ, ಹರಿಹರದ ಲೇಥ್‌ಗಳು ಇನ್ನೂ ತಿರುಗುತ್ತಿವೆ. ಅವನ್ನು ಮಾಡಿದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿದ ಕಾರ್ಖಾನೆ. ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು. ಕಾರ್ಖಾನೆ ಹೋದರೂ ಯಂತ್ರ ಉಳಿದದ್ದು ಹೇಗೆಂದು ಯಾವ ಟರ್ನರನನ್ನು ಕೇಳಿದರೂ ಹೇಳುತ್ತಾನೆ. ಹೆಡ್‌ಸ್ಟಾಕ್ ಬಿಚ್ಚಿದರೆ ಗೇರುಗಳೆಲ್ಲ ಕಣ್ಣೆದುರಿಗಿರುತ್ತವೆ. ಹಲ್ಲು ಮುರಿದ ಗೇರಿನ ಅಳತೆ ತೆಗೆದು ಎರಡು ಗಲ್ಲಿ ಆಚೆ ಇನ್ನೊಂದು ಕಟ್ ಮಾಡಿಸಿ ತಂದು ಹಾಕಿದರೆ ಸಂಜೆ ಪಾಳಿಗೆ ಲೇಥ್ ಸಿದ್ಧ. ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಇದೇ ಶೆಡ್ಡಿನ ಮೂಲೆಯಲ್ಲಿರುವ ಕಂಪ್ಯೂಟರಿಗೆ ಮಾತ್ರ ಬೇರೆ ನ್ಯಾಯ. ನಾನು ಇಂಡಿ ತಾಲೂಕಿನಿಂದ ಬಂದು ಇಲ್ಲಿ ಹೆಲ್ಪರ್ ಆದವನು, ಆಮೇಲೆ ಟರ್ನರ್, ಈಗ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ಬಿಲ್ಲು, ಡೆಲಿವರಿ ಚಲನ್, ವೆಂಡರ್ ಕಳಿಸುವ ಡ್ರಾಯಿಂಗು ಎಲ್ಲವೂ ಒಂದು ಹಳೆ ಡೆಸ್ಕ್‌ಟಾಪಿನಲ್ಲಿ ನಡೆಯುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಸಾಮಾನ್ಯ ಬಳಕೆದಾರರಿಗೆ ಭದ್ರತೆಯ ತಿದ್ದುಪಡಿಯನ್ನು ಅಲ್ಲಿಂದ ಇನ್ನೊಂದು ವರ್ಷ ಕೊಡುತ್ತೇನೆಂದಿತು, ಅಷ್ಟೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದರ ಮೇಲಿನದೋ ಆಗಿರಬೇಕು. ನನ್ನದು ಆರನೆಯದು. ರಿಪೇರಿಯವರು ನೋಡಿ, ಗುಜರಿಗೆ ಕೊಟ್ಟು ಹೊಸದು ತಗೊಳ್ಳಿ ಎಂದರು. ಒಂದು ಕೆಪಾಸಿಟರ್ ಸುಟ್ಟಿರಲಿಲ್ಲ, ಫ್ಯಾನು ಸದ್ದು ಮಾಡುತ್ತಿರಲಿಲ್ಲ. ನಡೆಯುತ್ತಿರುವ ಯಂತ್ರವನ್ನು ಒಂದು ತಾರೀಖಿಗಾಗಿ ಬಿಸಾಡುವುದು ವರ್ಕ್‌ಶಾಪಿನಲ್ಲಿ ಬೆಳೆದ ನನಗೆ ಒಪ್ಪಿಗೆಯಾಗಲಿಲ್ಲ. ಈಗಲೂ ಆಗಿಲ್ಲ.

ಹಾಗಾಗಿ ಲಿನಕ್ಸ್. ಹೆಸರು ಮೊದಲೇ ಕೇಳಿದ್ದೆ, ಇಂಜಿನಿಯರಿಂಗ್ ಓದಿದವರ ಆಟ ಎಂದುಕೊಂಡಿದ್ದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಆ ಕರ್ನೆಲ್ ಇವತ್ತು ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಇದೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಲಿನಕ್ಸ್ ಇಲ್ಲದ ಒಂದೂ ಇಲ್ಲ. ಆದರೆ ಹೊಸಬನಿಗೆ ಇದರಿಂದ ಧೈರ್ಯ ಬರುವುದಿಲ್ಲ. ನನ್ನ ಬಿಲ್ಲು ಪ್ರಿಂಟ್ ಆಗುತ್ತದೆಯೇ, ಫೈಲು ಅಳಿಸಿಹೋಗುತ್ತದೆಯೇ ಎಂಬುದೇ ಅವನ ಚಿಂತೆ.

ಆ ಚಿಂತೆಗೆ ಪೆನ್‌ಡ್ರೈವಿನಲ್ಲಿ ಉತ್ತರವಿದೆ. ಹಲವು ಲಿನಕ್ಸ್ ಆವೃತ್ತಿಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ನ ಫೈಲು ಮೂರು ಜಿಬಿ ಆಸುಪಾಸು. ಅದನ್ನು ರೂಫಸ್ ಎಂಬ ಸಣ್ಣ ಸಾಧನದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿದ್ದುದು ಅಳಿಸುತ್ತದೆ, ಖಾಲಿಯದನ್ನೇ ಬಳಸಿ. ಕಂಪ್ಯೂಟರ್ ಶುರುವಾಗುವಾಗ ಎಫ್12 ಅಥವಾ ಅದರ ಕಂಪನಿ ಇಟ್ಟ ಬೇರೆ ಗುಂಡಿ ಒತ್ತಿ ಪೆನ್‌ಡ್ರೈವ್ ಆರಿಸಿದರೆ ಇಡೀ ವ್ಯವಸ್ಥೆ ಅಲ್ಲಿಂದಲೇ ಏಳುತ್ತದೆ. ಇನ್‌ಸ್ಟಾಲ್ ಗುಂಡಿ ಒತ್ತುವ ತನಕ, ಅಥವಾ ನೀವೇ ಹಾರ್ಡ್ ಡಿಸ್ಕ್ ತೆರೆದು ಫೈಲು ಬದಲಿಸುವ ತನಕ, ಒಳಗಿರುವುದು ಇದ್ದ ಹಾಗೇ ಇರುತ್ತದೆ. ಹೊಸ ಯಂತ್ರ ಕೊಳ್ಳುವ ಮೊದಲು ಟ್ರಯಲ್ ಜಾಬ್ ಹಾಕಿ ನೋಡುವ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಪೆನ್‌ಡ್ರೈವಿನಿಂದ ಓಡಿಸುವಾಗ ಸ್ವಲ್ಪ ನಿಧಾನ. ಅದನ್ನು ಕಂಡು ಲಿನಕ್ಸೇ ನಿಧಾನ ಎಂದು ಷರಾ ಬರೆಯಬೇಡಿ.

ಎಂಐಡಿಸಿಗೆ ಗುರುವಾರ ಸೂಟಿ. ಅವತ್ತು ಶಾಂತವಾಗಿ ಕೂತು ಒಂದೊಂದನ್ನೇ ಪರೀಕ್ಷಿಸಿದೆ. ಪ್ರಿಂಟರ್ ತಾನಾಗಿ ಸಿಕ್ಕಿತು. ಸದ್ದು ಬಂತು. ಯುಎಸ್‌ಬಿ ವೈಫೈ ಡಾಂಗಲ್ ಸಿಗಲಿಲ್ಲ. ಅಂಥಲ್ಲಿ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಇಂಟರ್ನೆಟ್ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಬಹುದು. ಮೊದಲ ಬಾರಿಗೆ ಕೂರುವವರು ಬಿಟ್ಟು ಎದ್ದುಹೋಗುವುದು ಇಂಥ ಜಾಗದಲ್ಲೇ. ಪಕ್ಕದಲ್ಲಿ ತಿಳಿದವರೊಬ್ಬರಿದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಆ ಕಂಪ್ಯೂಟರಿನ ಆಯುಷ್ಯ ಅಲ್ಲಿಗೆ ಮುಗಿಯುತ್ತದೆ.

ಕನ್ನಡದ ವಿಷಯಕ್ಕೆ ಬರುತ್ತೇನೆ. ಅಕ್ಷರಗಳು ಮೊದಲ ದಿನವೇ ಸರಿಯಾಗಿ ಕಂಡವು. ನೋಟೋ ಕನ್ನಡ ಫಾಂಟು ಜೊತೆಗೇ ಇರುತ್ತದೆ, ಬೇಕಾದರೆ ಗುಬ್ಬಿ, ನವಿಲು ಫಾಂಟುಗಳನ್ನೂ ಹಾಕಿಕೊಳ್ಳಬಹುದು. ಟೈಪಿಂಗಿಗೆ ಐಬಸ್ ಮತ್ತು ಎಂ17ಎನ್ ಎಂಬೆರಡನ್ನು ಸೇರಿಸಿದರೆ ಕೆಜಿಪಿ ಕೀಲಿಮಣೆ ಸಿಗುತ್ತದೆ, ಅಂದರೆ ನುಡಿ ತಂತ್ರಾಂಶದಲ್ಲಿ ಬೆರಳು ಕಲಿತ ಅದೇ ವಿನ್ಯಾಸ. ಕೆ.ಪಿ. ರಾವ್ ಅವರ ಆಲೋಚನೆಯಿಂದ ಬಂದ ಆ ವಿನ್ಯಾಸವನ್ನು ಲಿನಕ್ಸಿಗೆ ಅಳವಡಿಸಿ ಹಂಚಿದವರನ್ನು ಕೃತಜ್ಞತೆಯಿಂದ ನೆನೆಯಬೇಕು. ತೊಡಕು ಹಳೆ ಕಡತಗಳದ್ದು. ಸಂಘಗಳ ಕಾರ್ಯಕ್ರಮ ಪತ್ರಿಕೆ, ವಂತಿಗೆಯ ಪಟ್ಟಿ ಇತ್ಯಾದಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಆ ಫಾಂಟಿಲ್ಲದ ಯಾವ ಕಂಪ್ಯೂಟರಿನಲ್ಲಾದರೂ ಈ ಕೆಲಸ ತಪ್ಪಿದ್ದಲ್ಲ.

ಆಗದ್ದನ್ನೂ ಹೇಳಬೇಕು. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಲಿನಕ್ಸಿನಲ್ಲಿ ಓಡುವುದಿಲ್ಲ. ಡಿಎಕ್ಸ್ಎಫ್ ಡ್ರಾಯಿಂಗುಗಳನ್ನು ಲಿಬ್ರೆಕ್ಯಾಡ್‌ನಲ್ಲಿ ತೆರೆಯಬಹುದು, ಮೂರು ಆಯಾಮದ ಕೆಲಸಕ್ಕೆ ಫ್ರೀಕ್ಯಾಡ್ ಇದೆ, ಅದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. ಆದರೆ ಗಿರಾಕಿ ತನ್ನ ಸಾಫ್ಟ್‌ವೇರಿನ ಮೂಲ ಫೈಲನ್ನೇ ಕೇಳಿದರೆ ಬೇರೆ ದಾರಿಯಿಲ್ಲ. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್ ಬ್ರೌಸರಿನಲ್ಲೇ ನಡೆಯುತ್ತವೆ. ನನ್ನಂಥ ಒಬ್ಬನೇ ಮಾಲೀಕನ ಧಂದೆಗೆ ಒಟಿಪಿ ಸಾಕು, ಡಿಜಿಟಲ್ ಸಹಿಯ ಟೋಕನ್ ಕಡ್ಡಾಯವಾಗಿರುವ ಕಂಪನಿಗಳು ಅದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಹೊಟ್ಟೆಪಾಡು ನಿಂತಿರುವ ಒಂದೇ ಕಂಪ್ಯೂಟರನ್ನು ಒಂದೇ ದಿನದಲ್ಲಿ ಬದಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೂಲೆಗೆ ಬಿದ್ದದ್ದರಿಂದ ಶುರು ಮಾಡಿ. ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ನಡೆಯುತ್ತದೆ, ಮಿಂಟ್ 22ಕ್ಕೆ 2029ರವರೆಗೆ ತಿದ್ದುಪಡಿ ಸಿಗುತ್ತದೆ. ಆ ಅವಧಿ ಮುಗಿದಾಗ ಮುಂದಿನದನ್ನು ಹಾಕಿಕೊಳ್ಳಲು ಹಣವೂ ಬೇಡ, ಅನುಮತಿಯೂ ಬೇಡ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಲಿನಕ್ಸ್‌ಸಿಎನ್‌ಸಿ. ಅಮೆರಿಕ ಸರ್ಕಾರದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್ 1990ರ ದಶಕದಲ್ಲಿ ಮಾಡಿದ ಯಂತ್ರ ನಿಯಂತ್ರಣದ ಸಾಫ್ಟ್‌ವೇರಿನಿಂದ ಬೆಳೆದದ್ದು ಇದು. ಇದರಿಂದ ನಿಜವಾದ ಮಿಲ್ಲಿಂಗ್ ಯಂತ್ರ, ಲೇಥ್ ಓಡಿಸಬಹುದು. ನನಗೆ ಬೇಕಾದದ್ದು ಅದರ ಸಿಮ್ಯುಲೇಟರ್. ಯಾವ ಯಂತ್ರವನ್ನೂ ಜೋಡಿಸದೆ, ಯಂತ್ರಕ್ಕೆ ಆದೇಶ ಕೊಡುವ ಜಿ-ಕೋಡ್ ಬರೆದು ಓಡಿಸಿದರೆ ಟೂಲ್ ಎಲ್ಲೆಲ್ಲಿ ಹೋಗುತ್ತದೆಂದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಜಿ02 ಬದಲು ಜಿ03 ಬರೆದರೆ ಕಮಾನು ಎದುರು ದಿಕ್ಕಿಗೆ ಬಾಗುತ್ತದೆ. ಶಾಪ್ ಫ್ಲೋರಿನಲ್ಲಿ ಇದೇ ತಪ್ಪಿಗೆ ಜಾಬ್ ಹಾಳು, ಇನ್ಸರ್ಟ್ ಚೂರು, ಹುಡುಗನಿಗೆ ಬೈಗುಳ.

ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಐಟಿಐ ಮುಗಿಸಿ ಬರುವ ಹುಡುಗರು ಇಲ್ಲಿ ಏನು ಮಾಡುತ್ತಾರೆಂದು ನಾನು ಬಲ್ಲೆ. ಜಾಬ್ ಲೋಡ್ ಮಾಡು, ಬಾಗಿಲು ಹಾಕು, ಹಸಿರು ಗುಂಡಿ ಒತ್ತು, ಅನ್‌ಲೋಡ್ ಮಾಡು, ಗೇಜ್ ಹಾಕಿ ನೋಡು. ವರ್ಷಗಟ್ಟಲೆ ಅದೇ. ಲಕ್ಷಾಂತರ ರೂಪಾಯಿಯ ಯಂತ್ರದಲ್ಲಿ ಕೈ ಆಡಿಸಲು ಯಾವ ಮಾಲೀಕನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಆಪರೇಟರ್ ಸೆಟ್ಟರ್ ಆಗಬೇಕು, ಸೆಟ್ಟರ್ ಪ್ರೋಗ್ರಾಮರ್ ಆಗಬೇಕು ಅಂದರೆ ತಪ್ಪು ಮಾಡುವುದಕ್ಕೊಂದು ಜಾಗ ಬೇಕು. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ಯಬೇಕಿದ್ದ ನನ್ನ ಡೆಸ್ಕ್‌ಟಾಪ್ ಈಗ ಆ ಜಾಗವಾಗಿದೆ. ಪಾಳಿ ಮುಗಿದ ಮೇಲೆ ಹುಡುಗರು ಅದರ ಮುಂದೆ ಕೂರುತ್ತಾರೆ. ಇಲ್ಲಿಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಫ್ಯಾನುಕ್, ಸೀಮೆನ್ಸ್ ಕಂಟ್ರೋಲಿನ ಸೈಕಲ್‌ಗಳು ಲಿನಕ್ಸ್‌ಸಿಎನ್‌ಸಿಯದಕ್ಕೆ ಪೂರ್ತಿ ಹೊಂದುವುದಿಲ್ಲ, ನಿಜ. ಆದರೆ ಎಕ್ಸ್, ಝಡ್ ಅಕ್ಷಗಳ ಚಲನೆ, ಕಮಾನಿನ ದಿಕ್ಕು, ಫೀಡಿನ ಲೆಕ್ಕ ಎಲ್ಲ ಕಡೆಯೂ ಒಂದೇ. ಬುನಾದಿ ಗಟ್ಟಿಯಿದ್ದವನು ಉಳಿದದ್ದನ್ನು ಬೇಗ ಹಿಡಿಯುತ್ತಾನೆ.

ಈ ಹುಡುಗರಿಗೆ ನೆರವಾಗುವವರು ಯಾರು? ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನ ಪ್ರಧಾನ ಕಚೇರಿ ಇರುವುದು ಇದೇ ಪುಣೆಯಲ್ಲಿ. ಅದೇ ಸಂಸ್ಥೆ ಡೆಬಿಯನ್ ಎಂಬ ಲಿನಕ್ಸ್ ಆಧಾರದ ಮೇಲೆ ಬಾಸ್ ಎಂಬ ಭಾರತೀಯ ಲಿನಕ್ಸ್ ಮಾಡಿ 2007ರಲ್ಲೇ ಬಿಡುಗಡೆ ಮಾಡಿತು, ಭಾರತೀಯ ಭಾಷೆಗಳ ಬೆಂಬಲದೊಂದಿಗೆ. 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಹೊರಡಿಸಿತು. ಆದರೆ ಬಿಡುಗಡೆ, ನೀತಿ ಎರಡೂ ಗಾಳಾದ ತನಕ ನಡೆದು ಬರುವುದಿಲ್ಲ. ಕೇರಳವನ್ನು ನೋಡಿ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ; ಕೈಟ್ ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗಾಗಿಯೇ ಅದನ್ನು ಸಿದ್ಧಪಡಿಸಿ ಕೊಡುತ್ತದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿಯ ಮಗುವಿಗೆ ಅದು ಪರ್ಯಾಯವಲ್ಲ, ಶಾಲೆಯಲ್ಲಿ ಕಂಡ ಮೊದಲ ಕಂಪ್ಯೂಟರ್. ಕರ್ನಾಟಕದ ಐಟಿಐಗಳು ಸಿಎನ್‌ಸಿ ಅಭ್ಯಾಸಕ್ಕೆ ಇದೇ ದಾರಿ ಹಿಡಿದರೆ ಭೋಸರಿಗೆ ಬಂದಿಳಿಯುವ ಹುಡುಗನ ಮೊದಲ ಸಂಬಳವೇ ಬೇರೆ ಇರುತ್ತದೆ. ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಿಗೂ ಈ ದಾರಿ ಸಲ್ಲುತ್ತದೆ. ಪಟ್ಟಣದ ಕಚೇರಿಗಳು ತೆಗೆದುಹಾಕುವ ಕಂಪ್ಯೂಟರುಗಳನ್ನು ಕೇಳಿ ತಂದು ಲಿನಕ್ಸ್ ಹಾಕಿದರೆ ಅಲ್ಲಿ ಒಂದು ಪ್ರಯೋಗಾಲಯವೇ ಆಗುತ್ತದೆ.

ಪುಣೆ, ಪಿಂಪ್ರಿ-ಚಿಂಚವಾಡದ ಕನ್ನಡ ಸಂಘಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ರಾಜ್ಯೋತ್ಸವದ ಹಾಡು-ಕುಣಿತ ಇರಲಿ, ನಾನೂ ವಂತಿಗೆ ಕೊಡುತ್ತೇನೆ. ಜೊತೆಗೆ ತಿಂಗಳಿಗೊಂದು ಗುರುವಾರ ಸಭಾಭವನದ ಒಂದು ಕೋಣೆ ತೆರೆದಿಡಿ. ಹಿಂಜವಡಿಯ ಐಟಿ ಕಂಪನಿಗಳಲ್ಲಿ ದಿನವೂ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕನ್ನಡದ ಯುವಕ-ಯುವತಿಯರಿದ್ದಾರೆ. ಅವರು ರಜೆ ಹಾಕಿಯಾದರೂ ಬರಲಿ. ಕಾರ್ಮಿಕರು ತಮ್ಮ ಹಳೆ ಕಂಪ್ಯೂಟರ್ ಹೊತ್ತು ತರಲಿ. ಇನ್ನೊಂದು ಕೆಲಸ ಅನುವಾದದ್ದು. ಲಿನಕ್ಸನ್ನು ಕನ್ನಡಕ್ಕೆ ಹೊರಳಿಸಿಕೊಂಡರೆ ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ನಿಲ್ಲುತ್ತದೆ. ಈತನಕ ಸ್ವಯಂಸೇವಕರು ಮಾಡಿದಷ್ಟೇ ಆಗಿದೆ, ಉಳಿದದ್ದನ್ನು ಮಾಡಲು ಯಾರಿಗೂ ತಡೆಯಿಲ್ಲ. ಅದರ ಜೊತೆಗೊಂದು ಸಣ್ಣ ಕನ್ನಡ ಕೈಪಿಡಿ ಬೇಕು. ಪೆನ್‌ಡ್ರೈವ್ ಸಿದ್ಧಪಡಿಸುವುದು, ಫೈಲುಗಳ ನಕಲು ಮೊದಲು ತೆಗೆದಿಡುವುದು, ವೈಫೈ ಬರದಿದ್ದರೆ ಏನು ಮಾಡಬೇಕೆಂಬುದು, ಕೆಜಿಪಿ ಕೀಲಿಮಣೆ ಹಾಕಿಕೊಳ್ಳುವುದು, ಲಿನಕ್ಸ್‌ಸಿಎನ್‌ಸಿ ಸಿಮ್ಯುಲೇಟರಿನಲ್ಲಿ ಮೊದಲ ಪ್ರೋಗ್ರಾಂ ಓಡಿಸುವುದು, ಇಷ್ಟಿದ್ದರೆ ಆಯಿತು. ಕೊನೆಯ ಅಧ್ಯಾಯವನ್ನು ನಾನು ಬರೆಯತೊಡಗಿದ್ದೇನೆ. ಉಳಿದವನ್ನು ಬರೆಯುವವರು ಬೇಕಾಗಿದ್ದಾರೆ.