ಗೆಲುವು ನಿಶ್ಚಿತವಾಗಿದ್ದರೆ ಚುನಾವಣೆ ಏತಕ್ಕೆ?

ಸಿಂಗಪುರದಲ್ಲಿ 2025ರ ಮೇ 3ರಂದು ನಡೆದ ಸಂಸತ್ ಚುನಾವಣೆಯಲ್ಲಿ ಪೀಪಲ್ಸ್ ಆ್ಯಕ್ಷನ್ ಪಾರ್ಟಿ (ಪಿಎಪಿ) 97 ಸ್ಥಾನಗಳ ಪೈಕಿ 87ನ್ನು ಗೆದ್ದುಕೊಂಡಿತು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. 1959ರಲ್ಲಿ ಅಧಿಕಾರ ಹಿಡಿದ ಈ ಪಕ್ಷ ಅಂದಿನಿಂದ ಒಮ್ಮೆಯೂ ಅದನ್ನು ಬಿಟ್ಟುಕೊಟ್ಟಿಲ್ಲ. ಲೀ ಕ್ವಾನ್ ಯೂ, ಗೋ ಚೋಕ್ ತೋಂಗ್, ಲೀ ಸೀನ್ ಲೂಂಗ್ ಅವರ ನಂತರ 2024ರಲ್ಲಿ ಪ್ರಧಾನಿಯಾದ ಲಾರೆನ್ಸ್ ವಾಂಗ್ ಅವರಿಗೆ ಇದು ಮೊದಲ ಪರೀಕ್ಷೆಯಾಗಿತ್ತು. ಪಕ್ಷದ ಮತಪ್ರಮಾಣವನ್ನು 2020ರ ಶೇ 61.24ರಿಂದ ಶೇ 65.57ಕ್ಕೆ ಏರಿಸಿ ಅವರು ಅದರಲ್ಲಿ ಉತ್ತೀರ್ಣರಾದರು. ಪ್ರಮುಖ ವಿರೋಧ ಪಕ್ಷವಾದ ವರ್ಕರ್ಸ್ ಪಾರ್ಟಿ ಹಿಂದಿನಂತೆಯೇ ಹತ್ತು ಸ್ಥಾನಗಳಿಗೆ ತೃಪ್ತಿಪಟ್ಟುಕೊಂಡಿತು.

ಯಾರು ಗೆಲ್ಲುವರೆಂಬುದು ಮೊದಲೇ ಗೊತ್ತಿರುವ ಚುನಾವಣೆಯಲ್ಲಿ ಮತದಾರ ನಿರ್ಧರಿಸುವುದಾದರೂ ಏನನ್ನು? ಈ ಪ್ರಶ್ನೆ ಕೇವಲ ಸಿಂಗಪುರಕ್ಕೆ ಸೀಮಿತವಾದುದಲ್ಲ. ಒಂದೇ ಪಕ್ಷದ ಪ್ರಾಬಲ್ಯವನ್ನು ಕಂಡ ಎಲ್ಲ ಪ್ರಜಾತಂತ್ರಗಳಿಗೂ ಇದು ಅನ್ವಯಿಸುತ್ತದೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪಿಎಪಿಯ ಗೆಲುವು ಮತಪೆಟ್ಟಿಗೆ ಅಪಹರಣದಿಂದಾಗಲೀ ಎಣಿಕೆಯ ಮೋಸದಿಂದಾಗಲೀ ಬಂದುದಲ್ಲ. ಅಲ್ಲಿ ಮತದಾನ ಕಡ್ಡಾಯ, ಮತ ಗುಪ್ತ. ನೈಸರ್ಗಿಕ ಸಂಪತ್ತಿಲ್ಲದ ಪುಟ್ಟ ದ್ವೀಪವೊಂದನ್ನು ಈ ಪಕ್ಷ ಎರಡು ತಲೆಮಾರುಗಳಲ್ಲಿ ವಿಶ್ವದ ಶ್ರೀಮಂತ ನಗರಗಳ ಸಾಲಿಗೆ ಸೇರಿಸಿದೆ. ನಿವಾಸಿಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಭಾಗ ಜನ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಇಂಥ ಸರ್ಕಾರಕ್ಕೆ ಜನ ಮನಃಪೂರ್ವಕವಾಗಿ ಮತ ನೀಡಿದರೆ ಅದನ್ನು ಪ್ರಶ್ನಿಸಲು ಕಾರಣವಿಲ್ಲ. ಪ್ರಶ್ನೆ ಇರುವುದು ಶೇ 65ರಷ್ಟು ಮತ ಶೇ 90ರಷ್ಟು ಸ್ಥಾನಗಳಾಗಿ ಮಾರ್ಪಡುವ ಬಗೆಯಲ್ಲಿ.

1988ರಲ್ಲಿ ಜಾರಿಗೆ ಬಂದ ಗುಂಪು ಪ್ರಾತಿನಿಧ್ಯ ಕ್ಷೇತ್ರಗಳ ಪದ್ಧತಿಯೇ ಇದರ ಮುಖ್ಯ ಕೀಲಿಕೈ. ಈಗಿನ 97 ಸ್ಥಾನಗಳಲ್ಲಿ ಏಕಸದಸ್ಯ ಕ್ಷೇತ್ರಗಳಿಂದ ಬರುವುದು 15 ಮಾತ್ರ; ಉಳಿದ 82 ಸ್ಥಾನಗಳು 18 ಗುಂಪು ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಅಲ್ಲಿ ನಾಲ್ಕೈದು ಅಭ್ಯರ್ಥಿಗಳ ತಂಡ ಸ್ಪರ್ಧಿಸುತ್ತದೆ. ಮತದಾರ ತಂಡಕ್ಕೆ ಒಂದು ಮತ ನೀಡುತ್ತಾನೆ. ಒಂದೇ ಮತದಿಂದ ಮುಂದಾದ ತಂಡಕ್ಕೂ ಎಲ್ಲ ಸ್ಥಾನಗಳು ದಕ್ಕುತ್ತವೆ. ತಂಡದಲ್ಲಿ ಒಬ್ಬರಾದರೂ ಮಲಯ, ಭಾರತೀಯ ಅಥವಾ ಇತರ ಅಲ್ಪಸಂಖ್ಯಾತ ಸಮುದಾಯದವರು ಇರಬೇಕೆಂಬುದು ನಿಯಮ. ಚೀನೀಯರು ಬಹುಸಂಖ್ಯಾತರಾಗಿರುವ ದೇಶದಲ್ಲಿ ಈ ಉದ್ದೇಶ ಶ್ಲಾಘನೀಯವೇ. ಆದರೆ ಮೂರು ಸದಸ್ಯರಿಂದ ಆರಂಭವಾದ ತಂಡ 1997ರ ಹೊತ್ತಿಗೆ ಆರು ಸದಸ್ಯರವರೆಗೆ ಬೆಳೆದುದಕ್ಕೆ ಅಲ್ಪಸಂಖ್ಯಾತರ ಹಿತವೊಂದೇ ಕಾರಣವೆಂದು ನಂಬುವುದು ಕಷ್ಟ.

ಪರಿಣಾಮವನ್ನು ನೋಡಿ. 2025ರಲ್ಲಿ ಐದು ಸ್ಥಾನಗಳ ಟ್ಯಾಂಪಿನೀಸ್ ಕ್ಷೇತ್ರದಲ್ಲಿ ಪಿಎಪಿಗೆ ಶೇ 52.02, ವರ್ಕರ್ಸ್ ಪಾರ್ಟಿಗೆ ಶೇ 47.37ರಷ್ಟು ಮತಗಳು ಬಂದವು. ಐದು ಸ್ಥಾನಗಳೂ ಪಿಎಪಿಯ ಪಾಲಾದವು. ಇನ್ನೊಂದೆಡೆ, ಮರೀನ್ ಪರೇಡ್–ಬ್ರ್ಯಾಡೆಲ್ ಹೈಟ್ಸ್‌ನಲ್ಲಿ ವಿರೋಧ ಪಕ್ಷಗಳ ತಂಡವೇ ಕಣದಲ್ಲಿರಲಿಲ್ಲ. ಐವರು ಅವಿರೋಧವಾಗಿ ಸಂಸತ್ತು ಸೇರಿದರು. ಪ್ರತಿ ಅಭ್ಯರ್ಥಿಗೆ 13,500 ಸಿಂಗಪುರ ಡಾಲರ್ ಠೇವಣಿಯಿರುವಾಗ ಸಣ್ಣ ಪಕ್ಷಗಳಿಗೆ ಐವರ ತಂಡ ಕಟ್ಟುವುದು ಸುಲಭವಲ್ಲ. 2001ರಲ್ಲಂತೂ 84 ಸ್ಥಾನಗಳ ಪೈಕಿ 55ಕ್ಕೆ ಸ್ಪರ್ಧೆಯೇ ಇರಲಿಲ್ಲ. ನಾಮಪತ್ರ ಸಲ್ಲಿಕೆಯ ದಿನವೇ ಸರ್ಕಾರ ಯಾರದೆಂಬುದು ತೀರ್ಮಾನವಾಗಿತ್ತು. ಸ್ವತಂತ್ರ ಸಿಂಗಪುರದಲ್ಲಿ ಎಲ್ಲ ಸ್ಥಾನಗಳಿಗೂ ಸ್ಪರ್ಧೆ ಏರ್ಪಟ್ಟದ್ದು 2015ರಲ್ಲೇ ಮೊದಲು.

ಕ್ಷೇತ್ರಗಳ ಗಡಿಯ ಕಥೆಯೂ ಇಂಥದ್ದೇ. 1991ರಲ್ಲಿ ಯೂನೋಸ್ ಗುಂಪು ಕ್ಷೇತ್ರವನ್ನು ಪಿಎಪಿ ಅಲ್ಪ ಅಂತರದಲ್ಲಿ ಉಳಿಸಿಕೊಂಡಿತು. 1997ರ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. 1997ರಲ್ಲಿ ತೀವ್ರ ಪೈಪೋಟಿ ಕಂಡ ಚೆಂಗ್ ಸಾನ್ 2001ರ ಭೂಪಟದಿಂದ ಮಾಯವಾಯಿತು. ಗಡಿ ನಿರ್ಧರಿಸುವ ಸಮಿತಿಯನ್ನು ನೇಮಿಸುವವರು ಪ್ರಧಾನಿ. ಅದರ ಸದಸ್ಯರು ಸರ್ಕಾರಿ ಅಧಿಕಾರಿಗಳು. ಚುನಾವಣಾ ಇಲಾಖೆ ಇರುವುದೂ ಪ್ರಧಾನಿ ಕಾರ್ಯಾಲಯದ ಅಧೀನದಲ್ಲಿ. 2025ರ ಹೊಸ ಗಡಿಗಳು ಪ್ರಕಟವಾದದ್ದು ಮಾರ್ಚ್ 11ರಂದು, ಅಂದರೆ ಮತದಾನಕ್ಕೆ ಎಂಟು ವಾರಗಳೂ ಇಲ್ಲದಿದ್ದಾಗ. ಅಧಿಕಾರಿಗಳು ಪ್ರಾಮಾಣಿಕರೇ ಇರಬಹುದು. ಆದರೆ ಕಬಡ್ಡಿಯ ಅಂಗಳದಲ್ಲಿ ಆಡುವ ತಂಡವೇ ಗೆರೆ ಎಳೆಸಿದರೆ ನೋಡುವವರಿಗೆ ಅನುಮಾನ ಬರುವುದು ಸಹಜ.

ಹಾಗೆಂದು ವಿರೋಧದ ದನಿ ಸಂಸತ್ತಿನಲ್ಲಿ ಇರಲೇಬಾರದೆಂದು ಪಿಎಪಿ ಹಟ ಹಿಡಿದಿಲ್ಲ. 1968ರಿಂದ 1980ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಅದು ಎಲ್ಲ ಸ್ಥಾನಗಳನ್ನೂ ಗೆದ್ದಿತ್ತು. 1981ರ ಆನ್ಸನ್ ಉಪಚುನಾವಣೆಯಲ್ಲಿ ವರ್ಕರ್ಸ್ ಪಾರ್ಟಿಯ ಜೆ.ಬಿ. ಜೆಯರತ್ನಂ ಗೆದ್ದು ಆ ಏಕಸ್ವಾಮ್ಯ ಮುರಿದರು. 1984ರಲ್ಲಿ ಸರ್ಕಾರ ಒಂದು ಹೊಸ ವ್ಯವಸ್ಥೆ ತಂದಿತು: ಸೋತವರಲ್ಲಿ ಹೆಚ್ಚು ಮತ ಪಡೆದ ಕೆಲವರನ್ನು ಕ್ಷೇತ್ರವಿಲ್ಲದ ಸದಸ್ಯರಾಗಿ ಸಂಸತ್ತಿಗೆ ಸೇರಿಸಿಕೊಳ್ಳುವುದು. ಈಗ ವಿರೋಧ ಪಕ್ಷಗಳಿಗೆ ಕನಿಷ್ಠ 12 ಸದಸ್ಯರಿರುತ್ತಾರೆಂಬ ಖಾತ್ರಿಯಿದೆ. ಆದ್ದರಿಂದಲೇ 2025ರಲ್ಲಿ ಗೆದ್ದ ಹತ್ತು ಮಂದಿಗೆ ಸೋತ ಇಬ್ಬರು ಸೇರಿಕೊಂಡರು. ಮೇಲ್ನೋಟಕ್ಕೆ ಇದು ಔದಾರ್ಯ. ಆದರೆ ವಿರೋಧ ಪಕ್ಷಕ್ಕೆ ಮತ ಹಾಕದಿದ್ದರೂ ವಿರೋಧ ಪಕ್ಷ ಇದ್ದೇ ಇರುತ್ತದೆ ಎಂಬ ಸಂದೇಶವೂ ಇದರೊಳಗಿದೆ. ಹಕ್ಕಾಗಿ ಸಿಗಬೇಕಾದದ್ದು ದಾನವಾಗಿ ಸಿಕ್ಕಾಗ ಅದರ ಬೆಲೆ ಕುಗ್ಗುತ್ತದೆ.

ಹಾಗಾದರೆ ಸಿಂಗಪುರದ ಮತದಾರನ ಮತ ವ್ಯರ್ಥವೇ? ಅಲ್ಲವೆಂಬುದಕ್ಕೆ 2011ರ ಚುನಾವಣೆ ಸಾಕ್ಷಿ. ಅಂದು ಪಿಎಪಿಯ ಮತಪ್ರಮಾಣ ಶೇ 60.14ಕ್ಕೆ ಇಳಿಯಿತು. ಅಲ್ಜುನೀಡ್ ಗುಂಪು ಕ್ಷೇತ್ರದಲ್ಲಿ ವಿದೇಶಾಂಗ ಸಚಿವ ಜಾರ್ಜ್ ಯೋ ಅವರಿದ್ದ ತಂಡ ಸೋತಿತು. ಆಗಲೂ ಪಕ್ಷಕ್ಕೆ 87ರಲ್ಲಿ 81 ಸ್ಥಾನಗಳಿದ್ದವು. ಅಧಿಕಾರಕ್ಕೆ ಕೂದಲೂ ಕೊಂಕಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಲೀ ಕ್ವಾನ್ ಯೂ ಮತ್ತು ಗೋ ಚೋಕ್ ತೋಂಗ್ ಸಂಪುಟದಿಂದ ಹೊರನಡೆದರು. ಮಂತ್ರಿಗಳ ಸಂಬಳಕ್ಕೆ ಕತ್ತರಿ ಬಿತ್ತು. ಹೊಸ ಮನೆಗಳ ನಿರ್ಮಾಣ ಚುರುಕಾಯಿತು, ವಿದೇಶಿ ಕಾರ್ಮಿಕರ ಆಗಮನಕ್ಕೆ ಕಡಿವಾಣ ಬಿತ್ತು. 2015ರಲ್ಲಿ ಪಿಎಪಿ ಶೇ 69.86ರಷ್ಟು ಮತ ಪಡೆಯಿತು. ಸರ್ಕಾರವನ್ನು ಬದಲಿಸಲಾಗದ ಮತದಾರ ಅದರ ನಡೆಯನ್ನು ಬದಲಿಸಿದ್ದ.

ಭಾರತವೂ ಇಂಥ ಕಾಲವನ್ನು ಕಂಡಿದೆ. 1952ರ ಲೋಕಸಭೆಯಲ್ಲಿ ಕಾಂಗ್ರೆಸ್ ಶೇ 45ರಷ್ಟು ಮತಗಳಿಂದಲೇ 489ರಲ್ಲಿ 364 ಸ್ಥಾನ ಪಡೆದಿತ್ತು. ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬರಲು 1983ರವರೆಗೆ ಕಾಯಬೇಕಾಯಿತು. ಆದರೆ ಇಲ್ಲಿ ಗಡಿ ಎಳೆಯುವ ಕೆಲಸ ನ್ಯಾಯಾಧೀಶರ ನೇತೃತ್ವದ ಪುನರ್ವಿಂಗಡಣಾ ಆಯೋಗದ್ದಾಗಿತ್ತು. 2008ರ ಕರ್ನಾಟಕ ವಿಧಾನಸಭಾ ಚುನಾವಣೆ ನಡೆದದ್ದು ಅಂಥ ಆಯೋಗ ರೂಪಿಸಿದ ಹೊಸ ಕ್ಷೇತ್ರಗಳಲ್ಲಿ. ಆಯೋಗ ಕರಡು ಪ್ರಕಟಿಸಿ, ಬಹಿರಂಗ ಸಭೆಗಳಲ್ಲಿ ಆಕ್ಷೇಪಣೆ ಕೇಳಿತ್ತು. ಸಹಸದಸ್ಯರಾಗಿದ್ದ ಶಾಸಕ, ಸಂಸದರಿಗೆ ಅದರಲ್ಲಿ ಮತದ ಹಕ್ಕಿರಲಿಲ್ಲ. ನಮ್ಮ ಚುನಾವಣೆಗಳಲ್ಲಿ ಹಣ, ಜಾತಿಯ ರೋಗಗಳು ಸಾಕಷ್ಟಿವೆ. ಸಿಂಗಪುರಕ್ಕೆ ಬುದ್ಧಿ ಹೇಳುವ ಅರ್ಹತೆ ನಮಗಿದೆಯೆಂದು ಬೀಗಬೇಕಿಲ್ಲ. ಆದರೆ ಆಳುವವರ ಹಿಡಿತದ ಹೊರಗೆ ಇಂಥದ್ದೊಂದು ಸಂಸ್ಥೆ ಇರುವುದರ ಬೆಲೆ ಏನೆಂಬುದನ್ನು ಈ ಹೋಲಿಕೆ ತಿಳಿಸುತ್ತದೆ.

ಸಿಂಗಪುರದಲ್ಲಿ ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕು. 1968ರಿಂದ ಈಚೆಗೆ ಯಾವ ಸಾರ್ವತ್ರಿಕ ಚುನಾವಣೆಯೂ ಪಿಎಪಿಗೆ ಆ ಬಲವನ್ನು ನಿರಾಕರಿಸಿಲ್ಲ. ಗೆಲ್ಲುವ ಪಕ್ಷವೇ ಆಟದ ನಿಯಮಗಳನ್ನೂ ಬದಲಿಸಬಲ್ಲದು. ಆಡಳಿತ ದಕ್ಷವಾಗಿರುವವರೆಗೆ ಇದರ ದೋಷ ಕಣ್ಣಿಗೆ ಬೀಳದು. ಚುನಾವಣಾ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುವುದು ಕೆಟ್ಟ ಸರ್ಕಾರ ಬಂದಾಗ, ಅದನ್ನು ಇಳಿಸಲು ಜನ ಮುಂದಾದಾಗ. 2011ರಲ್ಲಿ ಆಳುವವರು ಜನರ ಮುನಿಸಿಗೆ ಬೆಲೆ ಕೊಟ್ಟರು. ಕೊಡಲೇಬೇಕೆಂಬ ಕಟ್ಟುಪಾಡು ಎಲ್ಲಿಯೂ ಇರಲಿಲ್ಲ. ನಾಳೆ ಬರುವವರು ಅಷ್ಟೇ ವಿವೇಕಿಗಳಾಗಿರುತ್ತಾರೆಂದು ಖಾತ್ರಿ ನೀಡುವವರು ಯಾರು? ಗೆರೆ ಎಳೆಯುವ ಅಧಿಕಾರ ಸ್ವತಂತ್ರ ಆಯೋಗದ ಕೈಗೆ ಹೋಗುವವರೆಗೆ ಈ ಪ್ರಶ್ನೆ ಸಿಂಗಪುರವನ್ನು ಬಿಡದು.